ತಂತಿ ಚೌಕಟ್ಟಿನ ನೇಯ್ಗೆ: ಮೂರರಲ್ಲಿ ಯಾವುದು ಬಗ್ಗಬೇಕು?

ಪ್ರಶ್ನೆ: 10 ಗೇಜಿನ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ಬಗ್ಗಿಸಿ 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಚೌಕಟ್ಟು ಮಾಡಿದ್ದೇನೆ. ಸುಮಾರು 1 ಮಿ.ಮೀ. ದಪ್ಪದ ಹತ್ತಿ ಹುರಿಯಲ್ಲಿ ಮೂಲೆಯಿಂದ ಮೂಲೆಗೆ 50 ಎಳೆ ಹಾಸು (ಮೇಲಿನಿಂದ ಕೆಳಕ್ಕೆ ಬಿಗಿದ ಎಳೆಗಳು) ಕಟ್ಟಿದ್ದೇನೆ. ಹೊಕ್ಕಿಗೆ (ಹಾಸಿನ ನಡುವೆ ಅಡ್ಡಕ್ಕೆ ತೂರಿಸುವ ಎಳೆಗೆ) ಮೋಟಾರ್ ವೈಂಡಿಂಗ್‌ನ ತಾಮ್ರದ ತಂತಿ (28 ಗೇಜ್), ಬಾಳೆ ನಾರು, ಹಳೆಯ ಕ್ಯಾಸೆಟ್ಟಿನ ಟೇಪು, ಹಾಲಿನ ಪ್ಯಾಕೆಟ್ಟಿನ ಪಟ್ಟಿ ಬಳಸುತ್ತಿದ್ದೇನೆ. ನಡುವಿನ ಎಳೆಗಳು ಜೋಲುತ್ತವೆ, ಅಂಚಿನವು ಮಾತ್ರ ಬಿಗಿಯಾಗಿವೆ. ಮೇಜಿನ ಮೇಲಿಟ್ಟರೆ ಒಂದು ಮೂಲೆ ಎದ್ದು ನಿಲ್ಲುತ್ತದೆ. ನೇಯುತ್ತ ಹೋದಂತೆ ಬಟ್ಟೆ ನಡುವಿನಲ್ಲಿ ಕಿರಿದಾಗುತ್ತದೆ. ಕೊನೆಯ ಐದಾರು ಸೆಂ.ಮೀ.ಗೆ ಸೂಜಿಯೂ ತೂರುವುದಿಲ್ಲ. ತಾಮ್ರದ ತಂತಿ ಅಂಚಿನ ತಿರುವಿನಲ್ಲಿ ತುಂಡಾಗುತ್ತದೆ. ಇದನ್ನು ಸರಿಪಡಿಸುವುದು ಹೇಗೆ? ಮುಂದೆ ಇದೇ ರೀತಿಯಲ್ಲಿ ದುಂಡನೆಯ ದೀಪದ ಕವಚವನ್ನೂ ನೇಯಬಹುದೇ?

ಉತ್ತರ: ನೀವು ಹೇಳಿದ ತೊಂದರೆಗಳಲ್ಲಿ ತಾಮ್ರ ತುಂಡಾಗುವುದೊಂದನ್ನು ಬಿಟ್ಟರೆ ಉಳಿದವೆಲ್ಲ ಒಂದಕ್ಕೊಂದು ಸಂಬಂಧಪಟ್ಟವು. ಮಗ್ಗದಲ್ಲಿ ಹಾಸು ಅತಿಯಾಗಿ ಬಿಗಿದರೆ ನೇಕಾರರು ಹಾಸು ಸುತ್ತಿದ ಬೀಮನ್ನು (ಹಲ್ಲುಚಕ್ರವಿರುವ ಉರುಳೆಯನ್ನು) ಒಂದು ಹಲ್ಲು ಸಡಿಲಿಸಿ ಮುಂದುವರಿಯುತ್ತಾರೆ. ನಿಮ್ಮ ಚೌಕಟ್ಟಿನಲ್ಲಿ ಬೀಮೂ ಇಲ್ಲ, ಹಲ್ಲೂ ಇಲ್ಲ. ಕಟ್ಟಿದ 40 ಸೆಂ.ಮೀ. ಹಾಸು ಕೊನೆಯ ತನಕ ಅಷ್ಟೇ ಇರುತ್ತದೆ. ಅದರ ನಡುವೆ ಸುಲಭವಾಗಿ ಬಗ್ಗದ ಹೊಕ್ಕನ್ನು ತೂರಿಸಿದರೆ ಚೌಕಟ್ಟು, ಹಾಸು, ಹೊಕ್ಕು ಈ ಮೂರರಲ್ಲಿ ಒಂದು ಬಗ್ಗಲೇಬೇಕು. ಯಾವುದು ಬಗ್ಗಬೇಕೆಂದು ನೀವು ಮೊದಲೇ ತೀರ್ಮಾನಿಸಬೇಕು, ಇಲ್ಲವಾದರೆ ಮೂರರಲ್ಲಿ ಬಲಹೀನವಾದದ್ದು ತಾನಾಗಿಯೇ ಬಗ್ಗುತ್ತದೆ. ನಿಮ್ಮಲ್ಲಿ ಬಗ್ಗಿರುವುದು ಆ 10 ಗೇಜಿನ ತಂತಿ.

ಲೆಕ್ಕ ನೋಡಿ. ಎಳೆಯೊಂದಕ್ಕೆ 50 ಗ್ರಾಂ ಬಿಗಿ ಎಂದರೆ ತೀರಾ ಹಗುರ, ಬೆರಳಲ್ಲಿ ಮೀಟಿದರೆ ಅಷ್ಟಕ್ಕಷ್ಟೇ ಕಂಪಿಸುವಷ್ಟು. ಆದರೂ 50 ಎಳೆ ಸೇರಿ ಮೇಲಿನ ತಂತಿಯನ್ನು ಎರಡೂವರೆ ಕೆ.ಜಿ. ಭಾರದಷ್ಟು ಕೆಳಗೆ ಎಳೆಯುತ್ತವೆ, ಕೆಳಗಿನದನ್ನು ಅಷ್ಟೇ ಮೇಲಕ್ಕೆ. 10 ಗೇಜ್ ಎಂದರೆ 3.25 ಮಿ.ಮೀ. ದಪ್ಪ. 30 ಸೆಂ.ಮೀ. ಉದ್ದದ ಅಂಥ ತಂತಿ ಈ ಭಾರಕ್ಕೆ ನಡುವಿನಲ್ಲಿ ಸುಮಾರು 5 ಮಿ.ಮೀ. ಬಾಗುತ್ತದೆ. ಮೇಲೆ 5, ಕೆಳಗೆ 5 ಸೇರಿ ನಡುವಿನ ಎಳೆಯ ದಾರಿ 1 ಸೆಂ.ಮೀ. ಗಿಡ್ಡವಾಯಿತು. 40 ಸೆಂ.ಮೀ. ಹುರಿಯಲ್ಲಿ 1 ಸೆಂ.ಮೀ. ಕಡಿಮೆಯಾದರೆ ಬಿಗಿ ಉಳಿಯುವುದು ಎಲ್ಲಿಂದ? ಮೂಲೆಯ ಹತ್ತಿರ ತಂತಿ ಬಾಗುವುದಿಲ್ಲವಾದ್ದರಿಂದ ಅಂಚಿನ ಎಳೆಗಳು ಮಾತ್ರ ಬಿಗಿಯಾಗಿಯೇ ಇರುತ್ತವೆ. ಜೋತ ಎಳೆಗಳನ್ನು ಬಿಚ್ಚಿ ಮತ್ತೆ ಬಿಗಿದರೆ ತಂತಿ ಇನ್ನಷ್ಟು ಬಾಗಿ ಪಕ್ಕದವು ಜೋಲುತ್ತವೆ. ಈ ಆಟಕ್ಕೆ ಕೊನೆಯಿಲ್ಲ. ಬಿಗಿ ಇಮ್ಮಡಿಯಾಯಿತೆಂದರೆ ಮೆದು ಜಿಐ ತಂತಿ ಮರಳಿ ನೇರವಾಗದ ಹಾಗೆ ಬಾಗಿಬಿಡುತ್ತದೆ.

ತಂತಿಯ ಗಡಸು ಅದರ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಬಾಗು ಹದಿನಾರನೇ ಒಂದು ಪಾಲು. ಹಾಗಾಗಿ 8 ಗೇಜ್ (4.06 ಮಿ.ಮೀ.) ತಂತಿ ಅದೇ ಭಾರಕ್ಕೆ 2 ಮಿ.ಮೀ.ಗಿಂತ ತುಸು ಹೆಚ್ಚು ಬಾಗಿದರೆ, ಕಟ್ಟಡಕ್ಕೆ ಬಳಸುವ 6 ಮಿ.ಮೀ. ಕಬ್ಬಿಣದ ಸರಳು ಅರ್ಧ ಮಿ.ಮೀ. ಕೂಡ ಬಾಗುವುದಿಲ್ಲ. ನಿಮ್ಮ ಅಳತೆಗೆ 8 ಗೇಜ್ ಕನಿಷ್ಠ. ಅಗಲ 40 ಸೆಂ.ಮೀ. ದಾಟಿದರೆ ತಂತಿಯ ಆಸೆ ಬಿಟ್ಟು ಸರಳಿಗೆ ಹೋಗಿ. ಅಂಗಡಿಯಲ್ಲಿ ಕೇಳುವಾಗ ಒಂದು ನೆನಪಿರಲಿ: ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ.

ಜಿಐ ತಂತಿ ಸುರುಳಿಯಲ್ಲಿ ಬರುವುದರಿಂದ ಅದರಲ್ಲಿ ಹುಟ್ಟು ಬಾಗು ಇರುತ್ತದೆ. ನಿಮ್ಮ ಮೂಲೆ ಏಳುವುದಕ್ಕೆ ಅರ್ಧ ಕಾರಣ ಅದೇ. ಬಗ್ಗಿಸುವ ಮೊದಲು ತಂತಿಯನ್ನು ಮರದ ಹಲಗೆಯ ಮೇಲಿಟ್ಟು, ಉಬ್ಬಿದ ಕಡೆ ಮೇಲೆ ಬರುವಂತೆ ಹೊರಳಿಸುತ್ತ ಮರದ ಸುತ್ತಿಗೆಯಿಂದ ಬಡಿದು ನೇರ ಮಾಡಿ. ನೇರವಾಗಿದೆಯೇ ಎಂದು ಕಣ್ಣಳತೆಯಲ್ಲಿ ನೋಡಬೇಡಿ, ಗಾಜಿನ ಮೇಲೆ ಉರುಳಿಸಿ. ಬಾಗಿದ್ದರೆ ಟಕಟಕ ಎನ್ನುತ್ತದೆ. ಮೂಲೆಗಳನ್ನು ವೈಸಿನಲ್ಲಿ ಹಿಡಿದೇ ಬಗ್ಗಿಸಿ. ಪ್ಲೈಯರಿನಲ್ಲಿ ಬಗ್ಗಿಸಿದರೆ ಮೂಲೆ ದುಂಡಗಾಗಿ, ಕೊನೆಯ ಎರಡು ಮೂರು ಎಳೆಗಳು ಆ ದುಂಡಿನಲ್ಲಿ ಜಾರುತ್ತವೆ.

ಎರಡು ತುದಿಗಳನ್ನು ಎಲ್ಲಿ ಕೂಡಿಸುತ್ತೀರಿ ಎಂಬುದೂ ಮುಖ್ಯ. ಮೇಲಿನ ಅಥವಾ ಕೆಳಗಿನ ತಂತಿಯ ನಡುವೆ ಬೇಡವೇ ಬೇಡ, ಬಾಗುವ ಒತ್ತಡ ಅಲ್ಲಿಯೇ ಎಲ್ಲಕ್ಕಿಂತ ಹೆಚ್ಚು. ಪಕ್ಕದ ತಂತಿಯ ನಡುವೆ ಕೂಡಿಸಿ. ತುದಿಗಳು 5 ಸೆಂ.ಮೀ. ಒಂದರ ಪಕ್ಕ ಒಂದು ಮಲಗಲಿ. ಬೈಂಡಿಂಗ್ ವೈರಿನಿಂದ ಸಂದಿಲ್ಲದಂತೆ ಸುತ್ತಿ, ಮೇಲೆ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟು ಸವರಿ ಒಂದು ರಾತ್ರಿ ಬಿಡಿ. ಅಂಟು ಹಚ್ಚುವ ಮೊದಲು ಆ ಭಾಗವನ್ನು ಉಪ್ಪುಕಾಗದದಲ್ಲಿ ಉಜ್ಜಬೇಕು. ಸತುವಿನ ನುಣುಪು ಮೈಮೇಲೆ ಅಂಟು ಹಾಳೆಯಂತೆ ಎದ್ದು ಬರುತ್ತದೆ.

ಮೂಲೆ ಏಳುವ ಉಳಿದರ್ಧ ಕಾರಣ ಹಾಸು ಸುತ್ತಿದ ರೀತಿ. ಎಲ್ಲ ಎಳೆಗಳೂ ತಂತಿಯ ಮುಂಭಾಗದಲ್ಲೇ ಹಾದರೆ ಎಳೆತ ಒಂದೇ ಮುಖದ ಮೇಲೆ ಬಿದ್ದು ಚೌಕಟ್ಟು ತಿರುಚಿಕೊಳ್ಳುತ್ತದೆ. ಎಂಟರ ಆಕಾರದಲ್ಲಿ ಸುತ್ತಿ: ಮೇಲಿನ ತಂತಿಯ ಮುಂದಿನಿಂದ ಹೋಗಿ ಹಿಂದಿನಿಂದ ಇಳಿದ ಎಳೆ ಕೆಳಗಿನ ತಂತಿಯನ್ನೂ ಮುಂದಿನಿಂದ ಹಿಡಿದು ಹಿಂದಿನಿಂದ ಏರಲಿ. ನಡುವೆ ಎಳೆಗಳು ಒಂದನ್ನೊಂದು ದಾಟುತ್ತವೆ, ಎಳೆತ ಎರಡೂ ಮುಖಕ್ಕೆ ಹಂಚಿಹೋಗುತ್ತದೆ. ಸಮ-ಬೆಸ ಎಳೆಗಳು ತಾವಾಗಿ ಬೇರ್ಪಟ್ಟು ಹೊಕ್ಕು ತೂರಿಸಲು ಬಾಯಿ ತೆರೆದುಕೊಡುವುದು ಇದರ ಇನ್ನೊಂದು ಲಾಭ. ಕೆಲಸ ಮುಗಿಯುವ ತನಕ ಚೌಕಟ್ಟನ್ನು 12 ಮಿ.ಮೀ. ಪ್ಲೈವುಡ್ಡಿಗೆ ನಾಲ್ಕು ಮೂಲೆ, ನಾಲ್ಕು ನಡುಗಳಲ್ಲಿ ದಾರದಿಂದ ಬಿಗಿದು ಕಟ್ಟಿ. ಚೌಕಟ್ಟಿಗೂ ಹಲಗೆಗೂ ನಡುವೆ ಪೆನ್ಸಿಲ್ ದಪ್ಪದ ಕಡ್ಡಿ ಇಟ್ಟರೆ ಸೂಜಿಯಾಡಲು ಜಾಗ ಸಿಗುತ್ತದೆ.

ಇನ್ನು ಹಾಸು ಕಟ್ಟುವುದು. ಮೂಲೆಯಿಂದ ಮೂಲೆಗೆ ತುಂಬಬೇಡಿ. ಎರಡೂ ಕಡೆ 2 ಸೆಂ.ಮೀ. ಬಿಟ್ಟು 26 ಸೆಂ.ಮೀ. ಅಗಲಕ್ಕೆ, 6 ಮಿ.ಮೀ.ಗೆ ಒಂದರಂತೆ 44 ಎಳೆ ಸಾಕು. ದಾರ ಸುಮಾರು 20 ಮೀಟರ್ ಬೇಕಾಗುತ್ತದೆ. ನುಣುಪು ಜಿಐ ತಂತಿಯ ಮೇಲೆ ಎಳೆಗಳು ಜಾರಿ ಗುಂಪುಗೂಡುವುದನ್ನು ತಡೆಯಲು ಮೇಲಿನ ಕೆಳಗಿನ ತಂತಿಗಳಿಗೆ ಮೊದಲು ಹತ್ತಿಯ ಟೇಪನ್ನು (ಲಂಗದ ಲಾಡಿ ಆದರೂ ಆದೀತು) ಓರೆಯಾಗಿ ಸುತ್ತಿ ಅದರ ಮೇಲೆ ಪೆನ್ಸಿಲಿನಲ್ಲಿ 6 ಮಿ.ಮೀ. ಗುರುತು ಹಾಕಿ. ಈ ಹೊದಿಕೆ ಜಾರಿಕೆಯನ್ನಷ್ಟೇ ತಡೆಯುವುದಿಲ್ಲ. ತಾಮ್ರ ಮತ್ತು ಸತು ತೇವದಲ್ಲಿ ಒಂದಕ್ಕೊಂದು ತಾಗಿದರೆ ಸತು ಬೇಗ ಸವೆದು ಬಿಳಿ ಪುಡಿಯಾಗುತ್ತದೆ. ಕರಾವಳಿಯ ಮಳೆಗಾಲದಲ್ಲಂತೂ ಇದು ಖಾತ್ರಿ. ಹೊಕ್ಕು ಪಕ್ಕದ ತಂತಿಯನ್ನು ಮುಟ್ಟುವುದಿದ್ದರೆ ಅದಕ್ಕೂ ಇದೇ ಟೇಪು ಸುತ್ತಿ.

ಮೊದಲು ಕಟ್ಟಿದ ಎಳೆ ಕೊನೆಗೆ ಜೋಲದಿರಲು ಒಂದು ಉಪಾಯವಿದೆ, ಬಿಲ್ಲಿಗೆ ಹೆದೆ ಏರಿಸಿದ ಹಾಗೆ. ಹಾಸು ಸುತ್ತುವ ಮೊದಲೇ ಮೇಲಿನ ತಂತಿಯ ನಡುವಿನಿಂದ ಕೆಳಗಿನ ತಂತಿಯ ನಡುವಿಗೆ ಗಟ್ಟಿ ನೈಲಾನ್ ಹಗ್ಗ ಕಟ್ಟಿ, ಅದರೊಳಗೆ ಕಡ್ಡಿ ತೂರಿಸಿ ತಿರುಚಿ. ಎರಡೂ ತಂತಿ ತಲಾ 2 ಮಿ.ಮೀ. ಒಳಬಾಗುವ ತನಕ ಬಿಗಿದು (8 ಗೇಜಿಗೆ ಈ ಅಳತೆ, ಸ್ಕೇಲ್ ಇಟ್ಟು ನೋಡಿ) ಕಡ್ಡಿ ಬಿಚ್ಚದಂತೆ ಕಟ್ಟಿಡಿ. ಈಗ ಹಾಸು ಸುತ್ತಿ, ಬಿಗಿ ಹಗುರಾಗಿದ್ದರೂ ಒಂದೇ ಸಮ ಇರಲಿ. ಎಲ್ಲ ಎಳೆ ಕಟ್ಟಿದ ಮೇಲೆ ಕಡ್ಡಿಯನ್ನು ಮೆಲ್ಲಗೆ ಬಿಚ್ಚಿದರೆ ಹಗ್ಗ ಹೊತ್ತಿದ್ದ ಭಾರ ಹಾಸಿಗೆ ಹಂಚಿಹೋಗುತ್ತದೆ. ಎಳೆಗಳು ಸಡಿಲಾಗುವ ಬದಲು ಬಿಗಿಯಾಗುತ್ತವೆ. ಹೆಚ್ಚುಕಡಿಮೆ ಉಳಿದದ್ದನ್ನು ಎಂಟರ ಸುತ್ತಿನಲ್ಲಿ ದಾರವನ್ನು ಬೆರಳಿನಿಂದ ಒಂದೊಂದೇ ಎಳೆಗೆ ಸರಿಸುತ್ತ ಅಂಚಿಗೆ ತಂದು ಗಂಟು ಹಾಕಿ.

ಹಾಸಿಗೆ ನಿಮ್ಮ ಹತ್ತಿ ಹುರಿ ಸರಿಯಾದ ಆಯ್ಕೆಯಲ್ಲ. ಹೊಸೆದ ಹತ್ತಿ ನೆನೆದಾಗ ಗಿಡ್ಡವಾಗಿ ಚೌಕಟ್ಟನ್ನು ಎಳೆಯುತ್ತದೆ, ನೀವೋ ಅದರೊಳಗೆ ಒದ್ದೆ ಬಾಳೆ ನಾರು ತೂರಿಸುತ್ತಿದ್ದೀರಿ. ನೈಲಾನ್ ಇದಕ್ಕೆ ತದ್ವಿರುದ್ಧ: ತೇವ ಹೀರಿ ಉದ್ದವಾಗುತ್ತದೆ, ಮಳೆ ಹಿಡಿದಾಗ ಜೋಲುತ್ತದೆ. ಚಪ್ಪಲಿ, ಚೀಲ ಹೊಲಿಯುವ ಪಾಲಿಯೆಸ್ಟರ್ ದಾರ (ಸುಮಾರು ಅರ್ಧ ಮಿ.ಮೀ. ದಪ್ಪ) ತೇವಕ್ಕೆ ಹೆಚ್ಚುಕಡಿಮೆ ಜಗ್ಗುವುದಿಲ್ಲ. ದಪ್ಪವೂ ಅರ್ಧವಾಗುವುದರ ಲಾಭ ಈಗ ಹೇಳುವ ಲೆಕ್ಕದಲ್ಲಿ ಕಾಣುತ್ತದೆ.

ಕೊನೆಯ ಐದಾರು ಸೆಂ.ಮೀ. ಯಾಕೆ ಕಲ್ಲಾಗುತ್ತದೆ? ಹತ್ತಿಯ ಬಟ್ಟೆಯಲ್ಲಿ ಹಾಸೂ ಅಲೆಯಾಗುತ್ತದೆ, ಹೊಕ್ಕೂ ಅಲೆಯಾಗುತ್ತದೆ. ಇಬ್ಬರೂ ಅಷ್ಟಿಷ್ಟು ಬಿಟ್ಟುಕೊಡುತ್ತಾರೆ. ಹೊಕ್ಕು ಬಗ್ಗದ ವಸ್ತುವಾದರೆ ಅಲೆಯೆಲ್ಲ ಹಾಸಿನ ಪಾಲಿಗೆ. 2 ಮಿ.ಮೀ. ದಪ್ಪದ ಬಾಳೆ ಹುರಿ, 1 ಮಿ.ಮೀ. ಹಾಸು, ಹೊಕ್ಕಿನಿಂದ ಹೊಕ್ಕಿಗೆ 4 ಮಿ.ಮೀ. ಅಂತರ ಎಂದಿಟ್ಟುಕೊಳ್ಳಿ. ಹೊಕ್ಕು ಸ್ವಲ್ಪವೂ ಬಗ್ಗದಿದ್ದರೆ ಹಾಸು ಪ್ರತಿ ಸಲ ಮುಂದಕ್ಕೆ 4 ಮಿ.ಮೀ. ಹೋಗುತ್ತ ಮೇಲೆ-ಕೆಳಗೆ 3 ಮಿ.ಮೀ. ದಾಟಬೇಕು. ಶಾಲೆಯ 3-4-5 ತ್ರಿಕೋನದ ಲೆಕ್ಕದಂತೆ ಆ ದಾರಿ 5 ಮಿ.ಮೀ. ಅಂದರೆ ದಪ್ಪ ಹೊಕ್ಕೊಂದು ಹಾಸಿನ 1 ಮಿ.ಮೀ. ಉದ್ದವನ್ನು ತಿಂದಿತು. ಇಪ್ಪತ್ತು ಹೊಕ್ಕಿಗೆ 2 ಸೆಂ.ಮೀ. ಬೇಕು, ಕೊಡಲು ಹಾಸಿನಲ್ಲಿ ಎಲ್ಲಿದೆ? ಬಿಗಿ ಏರುತ್ತದೆ, ಚೌಕಟ್ಟು ಬಾಗುತ್ತದೆ, ಬಾಯಿ ತೆರೆಯುವುದಿಲ್ಲ. ಅದೇ 28 ಗೇಜಿನ ತಾಮ್ರ 0.38 ಮಿ.ಮೀ. ಮಾತ್ರ. ಅರ್ಧ ಮಿ.ಮೀ. ಹಾಸಿನ ಜೊತೆ ಅದು ಹೊಕ್ಕೊಂದಕ್ಕೆ 0.1 ಮಿ.ಮೀ. ತಿನ್ನುತ್ತದೆ, ನಿಮ್ಮ 1 ಮಿ.ಮೀ. ಹಾಸಿನಲ್ಲಾದರೆ 0.2 ಮಿ.ಮೀ.ಗೂ ಹೆಚ್ಚು. 34 ಸೆಂ.ಮೀ. ನೇಯಲು 85 ಹೊಕ್ಕು ಬೇಕು. ತೆಳು ಹಾಸಿಗೆ ಇಡೀ ಕೆಲಸದಲ್ಲಿ 8-9 ಮಿ.ಮೀ. ಸಾಕಾದರೆ ದಪ್ಪ ಹಾಸಿಗೆ 2 ಸೆಂ.ಮೀ. ಹತ್ತಿರ ಬೇಕಾಗುತ್ತದೆ.

ಈ ಉದ್ದವನ್ನು ಮೊದಲೇ ಬಚ್ಚಿಡಬೇಕು. ಹಾಸು ಸುತ್ತುವಾಗ ಮೇಲಿನ ತಂತಿಯ ಹೊರಬದಿಗೆ 8 ಮಿ.ಮೀ. ದಪ್ಪದ ಬಿದಿರು ಕಡ್ಡಿಯನ್ನು ತಾತ್ಕಾಲಿಕವಾಗಿ ಕಟ್ಟಿ, ಎಳೆಗಳು ತಂತಿಯನ್ನೂ ಕಡ್ಡಿಯನ್ನೂ ಒಟ್ಟಿಗೆ ಸುತ್ತಿ ಬರಲಿ. ಕೆಳಗೂ ಹಾಗೆಯೇ. ನೇಯುತ್ತ ಬಿಗಿ ಏರಿದಾಗ ಒಂದು ಕಡ್ಡಿಯನ್ನು ಪಕ್ಕಕ್ಕೆ ಎಳೆದು ತೆಗೆದರೆ ಪ್ರತಿ ಎಳೆಗೂ 8 ಮಿ.ಮೀ. ದಾರ ಸಿಗುತ್ತದೆ, ಎರಡಕ್ಕೂ ಸೇರಿ 16. ಇದನ್ನೇ ಖರ್ಚಿನ ಲೆಕ್ಕವಾಗಿ ಇಟ್ಟುಕೊಳ್ಳಿ: ಎಂಟು ದಪ್ಪ ಬಾಳೆ ಹೊಕ್ಕಿಗೆ ಒಂದು ಕಡ್ಡಿ, ಇಡೀ ಬಟ್ಟೆಯ ತಾಮ್ರಕ್ಕೆ ಒಂದು ಕಡ್ಡಿ. ಅದಕ್ಕಿಂತ ಹೆಚ್ಚು ಬಾಳೆ ಬೇಕೆಂದರೆ ನಾರನ್ನು ಹುರಿ ಮಾಡದೆ ಚಪ್ಪಟೆಯಾಗಿ ಹರಡಿ ಹಾಕಿ, ಅಥವಾ ದಪ್ಪ ಹೊಕ್ಕುಗಳ ನಡುವಿನ ಅಂತರ 8 ಮಿ.ಮೀ.ಗೆ ಏರಿಸಿ. ಆಗ ಅದೇ ಹುರಿ ಅರ್ಧ ಮಿ.ಮೀ.ಗೆ ತೃಪ್ತಿಪಡುತ್ತದೆ. ಕಡ್ಡಿ ನುಣುಪಾಗಿರಲಿ. ಸಿಬರೆದ್ದಿದ್ದರೆ ತೆಗೆಯುವಾಗ ಹಾಸನ್ನೇ ಹರಿಯುತ್ತದೆ. ಮೇಣದಬತ್ತಿ ಉಜ್ಜಿಟ್ಟುಕೊಂಡರೆ ಒಳ್ಳೆಯದು.

ಬಟ್ಟೆ ನಡುವಿನಲ್ಲಿ ಕಿರಿದಾಗುವುದಕ್ಕೆ ಹೊಕ್ಕನ್ನು ನೇರವಾಗಿ ಎಳೆಯುವುದೇ ಕಾರಣ, ಇದು ಎಲ್ಲ ನೇಯ್ಗೆಗೂ ಗೊತ್ತಿರುವ ಕಾಯಿಲೆ. ಮೆದು ಹೊಕ್ಕನ್ನು ಕಮಾನಿನಂತೆ ಹಾಕಿ ನಂತರ ಒತ್ತಿ. 26 ಸೆಂ.ಮೀ. ಅಗಲದಲ್ಲಿ ಕಮಾನಿನ ಎತ್ತರ 4 ಸೆಂ.ಮೀ. ಇದ್ದರೆ ಶೇ. 6ರಷ್ಟು ಹೆಚ್ಚುವರಿ ಉದ್ದ ಒಳಗೆ ಹೋಗುತ್ತದೆ. ತಾಮ್ರಕ್ಕೆ ಕಮಾನು ಒಗ್ಗುವುದಿಲ್ಲ, ಒತ್ತಿದರೆ ನಡುವೆಲ್ಲೋ ಮಡಚಿಕೊಳ್ಳುತ್ತದೆ. ಅದನ್ನು ನೇರವಾಗಿಯೇ ತೂರಿಸಿ, ಅಂಚಿನಲ್ಲಿ ಮಾತ್ರ 3 ಮಿ.ಮೀ. ಕೊಕ್ಕೆ ಬಿಡಿ. ಪ್ರತಿ 3 ಸೆಂ.ಮೀ.ಗೊಮ್ಮೆ ಅಗಲ ಅಳೆಯಿರಿ. 26 ಇದ್ದದ್ದು 25.7 ಆದಾಗಲೇ ಅಂಚಿನ ಎಳೆಯನ್ನು ಪಕ್ಕದ ತಂತಿಗೆ ದಾರದಿಂದ ಎಳೆದು ಕಟ್ಟಿ. 24 ಆದ ಮೇಲೆ ಬಿಚ್ಚದೆ ಬೇರೆ ದಾರಿಯಿಲ್ಲ. ಮೇಲಿನ-ಕೆಳಗಿನ ತಂತಿ ಒಳಬಾಗಿದಾಗ ಪಕ್ಕದ ತಂತಿಗಳು ಹೊರಕ್ಕೆ ಬಾಗುವುದರಿಂದ, ಹೊಕ್ಕನ್ನು ಆರೇಳು ಸಾಲಿಗೊಮ್ಮೆ ಪಕ್ಕದ ತಂತಿಗೂ ಸುತ್ತಿ ತಂದರೆ ಎರಡೂ ಎಳೆತ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಈಗ ಒಂದೊಂದು ವಸ್ತುವಿನ ಗುಣ. ತಾಮ್ರ ತುಂಡಾಗುವುದು ಅದು ಬಗ್ಗಿದಷ್ಟೂ ಗಡುಸಾಗುವ ಲೋಹವಾದ್ದರಿಂದ. ಒಂದೇ ಜಾಗದಲ್ಲಿ ಬಗ್ಗಿಸಿ, ನೇರ ಮಾಡಿ, ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಅಂಚಿನ ತಿರುವನ್ನು ಒಂದೇ ಸಲಕ್ಕೆ, ಒಂದು ದಪ್ಪ ಸೂಜಿಯ ಸುತ್ತ ತಿರುಗಿಸಿ. ತಪ್ಪಿದರೆ ಸರಿಪಡಿಸಲು ಹೋಗದೆ ಹಾಗೇ ಬಿಡಿ. ತಂತಿಯಲ್ಲಿ ಕುಣಿಕೆ ಬಿದ್ದರೆ ಎಳೆಯಬಾರದು. ಎಳೆದರೆ ಅದು ಬಿಗಿದು ಚೂಪು ಮುರಿತವಾಗುತ್ತದೆ. ಕುಣಿಕೆಯನ್ನು ಎರಡೂ ಕೈಯಿಂದ ಹಿಗ್ಗಿಸಿ ಬಿಚ್ಚಿ. ರಟ್ಟಿನ ತುಂಡಿಗೆ ಸುತ್ತಿಟ್ಟುಕೊಳ್ಳುವುದು ಸುಲಭವೇನೋ ಹೌದು, ಆದರೆ ರಟ್ಟಿನ ಅಂಚಿಗೊಂದರಂತೆ ಮಡಿಕೆ ಬೀಳುತ್ತದೆ. 4 ಸೆಂ.ಮೀ.ಗಿಂತ ದೊಡ್ಡ ದುಂಡು ರೀಲಿಗೆ ಸುತ್ತಿ, ಒಂದು ಸಲಕ್ಕೆ ಒಂದೂವರೆ ಮೀಟರಿಗಿಂತ ಹೆಚ್ಚು ತೆಗೆಯಬೇಡಿ. 28 ಗೇಜ್ ತಾಮ್ರ ಮೀಟರಿಗೆ ಸುಮಾರು 1 ಗ್ರಾಂ ತೂಗುತ್ತದೆ. 85 ಹೊಕ್ಕಿಗೆ ತಿರುವು ಸೇರಿ 25 ಗ್ರಾಂ ಸಾಕು. ಹೊಸ ತುಂಡು ಶುರುಮಾಡುವಾಗ ಹಳೆಯದರ ಜೊತೆ ಗಂಟು ಹಾಕದೆ ಎರಡೂ ನಾಲ್ಕು ಹಾಸೆಳೆಯಷ್ಟು ದೂರ ಜೋಡಿಯಾಗಿ ಹೋಗಲಿ. ತುದಿಯನ್ನು 1 ಸೆಂ.ಮೀ. ಹಿಂದಕ್ಕೆ ಮಡಚಿ ನೋಸ್ ಪ್ಲೈಯರಿನಲ್ಲಿ ಒತ್ತಿ, ಇಲ್ಲವಾದರೆ ಸವರಿದ ಕೈಗೆ ಚುಚ್ಚುತ್ತದೆ. ಮೋಟಾರ್ ತಂತಿಯ ಮೇಲಿನ ಎನಾಮಲ್ ಇರಲಿ ಬಿಡಿ. ಅದು ಕಪ್ಪಾಗದಂತೆ ಕಾಯುತ್ತದೆ, ಸತುವಿನಿಂದಲೂ ದೂರ ಇಡುತ್ತದೆ. ಬೆಂಕಿಗೆ ಹಿಡಿದು ಸುಡುವ ಪದ್ಧತಿ ಕೆಲವೆಡೆ ಇದೆ. ಆ ಹೊಗೆ ವಿಷ, ಮಾಡಬೇಡಿ.

ಬಾಳೆ ನಾರನ್ನು ನೇಯುವ ಮೊದಲು ಅರ್ಧ ಗಂಟೆ ನೀರಿನಲ್ಲಿಟ್ಟು, ಹಿಂಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ. ಒಣನಾರು ತಿರುವಿನಲ್ಲಿ ಸೀಳುತ್ತದೆ. ನೆನೆದ ನಾರು ಉಬ್ಬಿರುತ್ತದೆ ಎಂಬುದನ್ನು ಮರೆಯಬೇಡಿ. ಇವತ್ತು ಒತ್ತೊತ್ತಾಗಿ ಕಂಡದ್ದು ಒಣಗಿದ ಮೇಲೆ ಸಂದುಬಿಡುತ್ತದೆ, ಆದ್ದರಿಂದ ಮರುದಿನ ಮತ್ತೊಮ್ಮೆ ಒತ್ತಿ, ಸಿಕ್ಕ ಜಾಗದಲ್ಲಿ ಇನ್ನಷ್ಟು ಹೊಕ್ಕು ಸೇರಿಸಬೇಕಾಗುತ್ತದೆ. ಜೋಡಿಸುವಾಗ ಒಂದರ ಬುಡಕ್ಕೆ ಇನ್ನೊಂದರ ತುದಿ ಬರಲಿ. ಬುಡಕ್ಕೆ ಬುಡ ಸೇರಿದರೆ ಅಲ್ಲಿ ಗಂಟಿನಂತೆ ಉಬ್ಬುತ್ತದೆ. ಮಲೆನಾಡಿನವರಿಗೆ ಕೈಗೆಟಕುವ ಅಡಿಕೆ ಹಾಳೆಗೂ ನೆನೆಸುವ ನಿಯಮವೇ. ಅದನ್ನು ನಾರಿನ ಉದ್ದಕ್ಕೆ ಮಾತ್ರ 8 ಮಿ.ಮೀ. ಪಟ್ಟಿಯಾಗಿ ಕತ್ತರಿಸಿ. ಅಡ್ಡಕ್ಕೆ ಕತ್ತರಿಸಿದ ಪಟ್ಟಿ ಮೊದಲ ಬಾಗಿಗೇ ಮುರಿಯುತ್ತದೆ. ಮಳೆಗಾಲದಲ್ಲಿ ಎರಡಕ್ಕೂ ಬೂಸ್ಟು ಹಿಡಿಯುವುದರಿಂದ ಫ್ಯಾನಿನ ಗಾಳಿಯಲ್ಲಿ ಪೂರ್ತಿ ಒಣಗಿಸದೆ ಗೋಡೆಗೆ ತೂಗಿಸಬೇಡಿ.

ಹಾಲಿನ ಪ್ಯಾಕೆಟ್ಟಿನ ಪಟ್ಟಿ ಮೋಸಗಾರ. ಎಳೆದರೆ ಉದ್ದವಾಗುತ್ತದೆ, ನೇಯುವಾಗ ಬಿಗಿಯಾಗಿ ಚೆಂದ ಕಾಣುತ್ತದೆ, ರಾತ್ರಿ ಕಳೆಯುವುದರೊಳಗೆ ಹಿಂದಕ್ಕೆ ಸರಿದು ಅಂಚನ್ನು ಒಳಗೆಳೆಯುತ್ತದೆ. ನಿಮ್ಮ ಬಟ್ಟೆ ಕಿರಿದಾಗಿದ್ದರಲ್ಲಿ ಇದರ ಪಾಲು ದೊಡ್ಡದಿರಬೇಕು. ಎಳೆಯದೆ, ಬರೀ ಮಲಗಿಸಿ. ಪ್ಯಾಕೆಟ್ಟನ್ನು ಸೋಪಿನ ಬಿಸಿನೀರಿನಲ್ಲಿ ತೊಳೆದು (ಜಿಡ್ಡು ಉಳಿದರೆ ವಾರದಲ್ಲಿ ನಾರುತ್ತದೆ) ಮೇಲೆ ಕೆಳಗಿನ ಬೆಸುಗೆಗಳನ್ನು ಕತ್ತರಿಸಿ ಎಸೆಯಿರಿ. ಉಳಿದ ಕೊಳವೆಯನ್ನು ಸುರುಳಿಯಾಗಿ ಕತ್ತರಿಸಿದರೆ ತುಂಡಿಲ್ಲದ ಪಟ್ಟಿ ಸಿಗುತ್ತದೆ: ಸುತ್ತಳತೆ 30 ಸೆಂ.ಮೀ., ಉದ್ದ 15 ಸೆಂ.ಮೀ. ಉಳಿದಿದ್ದರೆ 1 ಸೆಂ.ಮೀ. ಪಟ್ಟಿ ನಾಲ್ಕೂವರೆ ಮೀಟರ್. ಅಚ್ಚಿನ ಬಣ್ಣ ಹೊರಗೆ, ಬಿಳಿ ಒಳಗೆ ಬರುವುದರಿಂದ ತಿರುವಿನಲ್ಲಿ ಪಟ್ಟಿಯನ್ನು ಮಗುಚುತ್ತೀರೋ ಇಲ್ಲವೋ ಎಂಬುದರ ಮೇಲೆ ವಿನ್ಯಾಸವೇ ಬದಲಾಗುತ್ತದೆ. ಒಂದು ಪದ್ಧತಿ ಹಿಡಿದು ಅದನ್ನೇ ಪಾಲಿಸಿ.

ಕ್ಯಾಸೆಟ್ ಟೇಪು ಇವೆಲ್ಲದರಲ್ಲಿ ಸಾಧು. ಅಗಲ 3.81 ಮಿ.ಮೀ., 60 ನಿಮಿಷದ ಕ್ಯಾಸೆಟ್ಟೊಂದರಲ್ಲಿ ಸುಮಾರು 86 ಮೀಟರ್ ಇರುತ್ತದೆ. ತೆಳುವಾದ್ದರಿಂದ ಹಾಸಿನ ಉದ್ದವನ್ನು ತಿನ್ನುವುದಿಲ್ಲ, ಎಷ್ಟು ಬೇಕಾದರೂ ಹಾಕಿ. 90 ನಿಮಿಷದ್ದು ಇನ್ನೂ ತೆಳು, ಅದನ್ನು ಎರಡೆಳೆ ಸೇರಿಸಿ. ಒಂದು ಮುಖ ಕಂದು ಪುಡಿ ಬಿಡುತ್ತದೆ, ಒಣಬಟ್ಟೆಯಲ್ಲಿ ಒರೆಸಿಕೊಂಡು ಬಳಸಿ. ಹೊಳಪಿನ ವಸ್ತುವನ್ನು ಬರೀ ಅಂದಕ್ಕೆ ಹಾಕಬೇಕೆಂದೇನಿಲ್ಲ. ಜರ್ಮನಿಯ ಬೌಹೌಸ್ ಎಂಬ ಕಲೆ-ವಿನ್ಯಾಸ ಶಾಲೆಯ ನೇಯ್ಗೆ ವಿಭಾಗದಲ್ಲಿದ್ದ ಆನಿ ಆಲ್ಬರ್ಸ್ ತಮ್ಮ ಡಿಪ್ಲೊಮಾಕ್ಕೆ 1930ರ ಹೊತ್ತಿಗೆ ಬರ್ನೌ ಊರಿನ ಕಾರ್ಮಿಕ ಸಂಘದ ಶಾಲೆಯ ಸಭಾಂಗಣಕ್ಕೆಂದು ನೇಯ್ದ ಗೋಡೆಬಟ್ಟೆಯಲ್ಲಿ ಒಂದು ಮುಖಕ್ಕೆ ಬೆಳಕು ಹಿಂದಿರುಗಿಸಲು ಸೆಲ್ಲೋಫೇನ್, ಇನ್ನೊಂದು ಮುಖಕ್ಕೆ ಸದ್ದು ಹೀರಲು ಶೆನಿಲ್ (ಮಖಮಲ್ಲಿನಂಥ ಮೆದು ನೂಲು) ಇತ್ತು. ಯಾವ ವಸ್ತು ಯಾವ ಮುಖಕ್ಕೆ ಎಂದು ಕೇಳಿಕೊಂಡು ನೇಯುವ ಈ ಕ್ರಮ ನಿಮ್ಮ ದೀಪದ ಕವಚಕ್ಕೆ ನೇರವಾಗಿ ಒದಗುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಹಾಕುವ ಯೋಚನೆ ಬಂದರೆ ಬರಿ ತಾಮ್ರದ ಪಕ್ಕದಲ್ಲಿ ಬೇಡ. ತಾಮ್ರ ನೈಸರ್ಗಿಕ ರಬ್ಬರನ್ನು ಬೇಗ ಹಾಳುಮಾಡುತ್ತದೆ.

ಒತ್ತುವ ಕೆಲಸಕ್ಕೆ ಊಟದ ಫೋರ್ಕ್ ಸಾಕು. ನವಲಗುಂದದ ಜಮಖಾನೆಯಂತೆ ಹೊಕ್ಕು ಹಾಸನ್ನು ಪೂರ್ತಿ ಮುಚ್ಚುವ ಹಾಗೆ ಹೊಡೆಯಬೇಕೆಂದರೆ ಹೊಕ್ಕು ಮೆದುವಾಗಿರಬೇಕು. ತಾಮ್ರದಲ್ಲಿ ಅದು ಸಾಧ್ಯವಿಲ್ಲ, ಹೊಡೆದಷ್ಟೂ ಪುಟಿದು ಹಿಂದೆ ಬರುತ್ತದೆ. ತಾಮ್ರದ ಜಾಗದಲ್ಲಿ ಹಾಸು ಕಾಣಲೇಬೇಕು, ಹಾಗಾಗಿ ಹಾಸಿನ ಬಣ್ಣವನ್ನು ಯೋಚಿಸಿ ಆರಿಸಿ. ಪ್ರತಿ ಐದಾರು ತಾಮ್ರದ ಸಾಲಿಗೆ ಎರಡು ಸಾಲು ಟೇಪು ಅಥವಾ ದಾರ ಹಾಕಿ ಒತ್ತಿದರೆ ತಂತಿ ಜಾರದೆ ನಿಲ್ಲುತ್ತದೆ. ಹಾಸನ್ನೇ ಅರ್ಧ ದಾರ, ಅರ್ಧ ತಾಮ್ರ ಮಾಡುವ ಆಸೆಯಿದ್ದರೆ ಗಂಟಿನ ಗೋಜು ಬೇಡ. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ಹಾಸನ್ನು ಸೇರಿಸುವ ಕೊಂಡಿಯ ಕ್ರಮ ಇಲ್ಲಿಗೂ ಸರಿ: ದಾರದ ಕುಣಿಕೆಯೊಳಗೆ ತಂತಿಯ ಕುಣಿಕೆ. ಎರಡೂ ತಮ್ಮ ತಮ್ಮ ತುದಿಯಿಂದ ಹೊರಟು ನಡುವೆ ಒಂದನ್ನೊಂದು ಹಿಡಿದು ಹಿಂತಿರುಗುತ್ತವೆ. ಗಂಟಿನಲ್ಲಿ ತಂತಿ ಮುರಿಯುವ ಭಯವಿಲ್ಲ.

ಎದ್ದ ಮೂಲೆಯ ಬಗ್ಗೆ ಇನ್ನೊಂದು ಮಾತು. ಅದನ್ನು ದೋಷವೆಂದೇ ನೋಡಬೇಕಾಗಿಲ್ಲ. ನಾಲ್ಕು ಬದಿಗಳು ನೇರವಾಗಿದ್ದು ಎದುರುಬದುರಿನ ಎರಡು ಮೂಲೆ ಮೇಲೆ, ಎರಡು ಕೆಳಗೆ ಇದ್ದರೂ ಸಮ ಅಂತರದ ಹಾಸೆಳೆಗಳು ನೇರ ಗೆರೆಯಾಗಿಯೇ ಉಳಿಯುತ್ತವೆ, ಹೊಕ್ಕೂ ನೇರವಾಗಿಯೇ ಹೋಗುತ್ತದೆ. ಆದರೆ ಒಟ್ಟು ಮೈ ಕುದುರೆಯ ಜೀನಿನ ಆಕಾರಕ್ಕೆ ಬರುತ್ತದೆ. ಬಗ್ಗದ ತಾಮ್ರಕ್ಕೂ ಈ ಆಕಾರ ಒಗ್ಗುತ್ತದೆ, ಯಾಕೆಂದರೆ ಎಲ್ಲೂ ಬಾಗುವ ಪ್ರಮೇಯವಿಲ್ಲ. ಬೇಕೆಂದೇ ಮಾಡುವುದಾದರೆ 6 ಮಿ.ಮೀ. ಸರಳಿನಲ್ಲಿ ಮೂಲೆಗಳನ್ನು ಬೆಸುಗೆ ಹಾಕಿಸಿ, ಮೂಲೆಯನ್ನು 6-7 ಸೆಂ.ಮೀ. ಎತ್ತಿಸಿ. ತೆಳು ತಂತಿಯಲ್ಲಿ ಆಕಾರ ಹೇಳಿದ ಮಾತು ಕೇಳುವುದಿಲ್ಲ.

ದುಂಡನೆಯ ಕವಚಕ್ಕೆ 20 ಸೆಂ.ಮೀ. ವ್ಯಾಸದ ಎರಡು ಬಳೆ, ನಡುವೆ ನಾಲ್ಕು ನಿಲುಗಂಬಿ ಬೇಕು. ಕಂಬಿ ಮೂರಿದ್ದರೆ ನಿಲ್ಲುತ್ತದೆ ನಿಜ, ಆದರೆ ಕಂಬಿಗಳ ನಡುವೆ ಬಳೆ ಕುಸಿದು ಅಲೆಯಾಗುತ್ತದೆ. ಬಳೆಯ ಸುತ್ತಳತೆ ಸುಮಾರು 63 ಸೆಂ.ಮೀ., 6 ಮಿ.ಮೀ. ಅಂತರಕ್ಕೆ 105 ಎಳೆ. ಕಂಬಿಗಳೂ ಎಳೆಗಳ ಲೆಕ್ಕಕ್ಕೆ ಸೇರುತ್ತವೆ, ಅಂದರೆ ದಾರದ್ದು 101. ಒಟ್ಟು ಬೆಸ ಸಂಖ್ಯೆಯಾಗಲೇಬೇಕು. ಆಗ ಹೊಕ್ಕು ತುಂಡಾಗದೆ ಸುತ್ತುತ್ತ ಹೋದಾಗ ಪ್ರತಿ ಸುತ್ತಿಗೂ ಮೇಲಿದ್ದ ಎಳೆ ಕೆಳಗಾಗುತ್ತದೆ. ಸಮ ಸಂಖ್ಯೆಯಾದರೆ ಎರಡನೇ ಸುತ್ತು ಮೊದಲಿನದರ ಹಾದಿಯನ್ನೇ ಹಿಡಿದು ನೇಯ್ಗೆಯೇ ಕೂಡುವುದಿಲ್ಲ. ಬರೀ ತಾಮ್ರದಲ್ಲೇ ಉಬ್ಬುತಗ್ಗಿನ ಆಕಾರ ಬೇಕೆಂದರೆ ನೇಯ್ಗೆಯನ್ನು ಬಿಟ್ಟು ಕುಣಿಕೆ ಹೆಣಿಗೆಗೆ ಹೋಗಿ. ಅಮೆರಿಕದ ಶಿಲ್ಪಿ ರೂತ್ ಅಸಾವಾ 1947ರಲ್ಲಿ ಮೆಕ್ಸಿಕೋದ ತೊಲೂಕಾದಲ್ಲಿ ತಂತಿಯ ಬುಟ್ಟಿ ಹೆಣೆಯುವುದನ್ನು ಕಲಿತು, ಚೌಕಟ್ಟೇ ಇಲ್ಲದೆ ತೂಗುವ ಶಿಲ್ಪಗಳನ್ನು ಮಾಡಿದ್ದು ಅದೇ ಕುಣಿಕೆಯಲ್ಲಿ.

ಒಳಗೆ ಎಲ್ಇಡಿ ಬಲ್ಬ್ ಮಾತ್ರ ಹಾಕಿ, 5 ವಾಟ್ ಸಾಕು. ಪಟ್ಟಿ, ಟೇಪುಗಳು ಬಲ್ಬಿನಿಂದ ಎಲ್ಲ ಕಡೆ ಕನಿಷ್ಠ 8 ಸೆಂ.ಮೀ. ದೂರ ಇರಲಿ. ಚೌಕಟ್ಟೂ ಲೋಹ, ಹೊಕ್ಕೂ ಲೋಹ, ಹೋಲ್ಡರಿನ ವೈರು ಎಲ್ಲಾದರೂ ಸುಲಿದು ತಾಗಿದರೆ ಇಡೀ ಕವಚಕ್ಕೆ ಕರೆಂಟ್ ಬರುತ್ತದೆ. ಎನಾಮಲ್ ಪದರವನ್ನು ನಂಬಬೇಡಿ, ತಿರುವುಗಳಲ್ಲಿ ಅದು ಬಿರುಕು ಬಿಟ್ಟಿರುತ್ತದೆ. 230 ವೋಲ್ಟಿನ ಹೋಲ್ಡರ್ ಬದಲು 12 ವೋಲ್ಟ್ ಅಡಾಪ್ಟರಿನ ಎಲ್ಇಡಿ ಬಳಸಿ, ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರಲಿ.